ದುಬಾರಿ ಕಾರು: ತಿಂಗಳ ಕಂತಿನಾಚೆಯ ಲೆಕ್ಕವನ್ನೂ ಮುದ್ರಿಸಿ

ಸಂಪಾದಕರಿಗೆ,

ಮಾನ್ಯರೇ,

ಇಪ್ಪತ್ತೈದು, ಮೂವತ್ತರ ವಯಸ್ಸಿಗೇ ಫೆರಾರಿ, ಲಂಬೋರ್ಗಿನಿ, ಪೋರ್ಷೆಯಂಥ ಕಾರುಗಳ ಕಡೆಗೆ ಕಣ್ಣು ಹಾಯಿಸುವಷ್ಟು ಸಂಪಾದಿಸುವ ಯುವಜನರು ಈಗ ಅಪರೂಪವಲ್ಲ. ಅವರು ಓದುವ ವಾಹನ ಪುಟಗಳು ಮಾತ್ರ ಇನ್ನೂ ಹಳೆಯ ಜಾಡಿನಲ್ಲೇ ಸಾಗುತ್ತಿವೆ. ಅಶ್ವಶಕ್ತಿ ಎಷ್ಟು, ಗರಿಷ್ಠ ವೇಗ ಎಷ್ಟು, ನಿಂತಲ್ಲಿಂದ ಗಂಟೆಗೆ ನೂರು ಕಿಲೋಮೀಟರ್ ವೇಗ ಮುಟ್ಟಲು ಎಷ್ಟು ಸೆಕೆಂಡು ಬೇಕು ಎಂಬುದನ್ನೆಲ್ಲ ವಿವರಿಸಿ, ಕೊನೆಗೊಂದು ಬೆಲೆಯನ್ನೋ ತಿಂಗಳ ಕಂತನ್ನೋ ಕೊಟ್ಟು ಬರಹ ಮುಗಿಯುತ್ತದೆ. ಆ ಕಾರನ್ನು ಐದು ವರ್ಷ ಇಟ್ಟುಕೊಂಡರೆ ಒಟ್ಟು ಎಷ್ಟು ಹಣ ಕೈಬಿಡುತ್ತದೆ, ಮಾರಿದಾಗ ಅದರಲ್ಲಿ ಎಷ್ಟು ಮರಳುತ್ತದೆ ಎಂಬ ಮಾತು ಬರುವುದೇ ಇಲ್ಲ. ಜನರ ತೆರಿಗೆ ಲೆಕ್ಕ ನೋಡುವುದೇ ವೃತ್ತಿಯಾದ ನನಗೆ ಈ ಕೊರತೆ ಹೆಚ್ಚು ಕಾಣುತ್ತದೆ. ಆ ಬಗ್ಗೆ ಕೆಲವು ಮಾತುಗಳನ್ನು ತಮ್ಮ ಪತ್ರಿಕೆಯ ಮೂಲಕ ಹಂಚಿಕೊಳ್ಳಲು ಬಯಸುತ್ತೇನೆ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಕಿರಿಯರಿಗೆ ಬುದ್ಧಿ ಹೇಳುವುದು ಈ ಪತ್ರದ ಉದ್ದೇಶವಲ್ಲ. ದುಡಿದವರು ತಮ್ಮ ಹಣದಲ್ಲಿ ತಮಗಿಷ್ಟವಾದುದನ್ನು ಕೊಳ್ಳಲಿ. ನನ್ನ ತಕರಾರು ಹಾಸಿಗೆಯನ್ನು ಅಳೆಯುವ ಕ್ರಮದ ಬಗ್ಗೆ. ಬ್ಯಾಂಕು ಸಾಲ ಕೊಡುತ್ತದೆ, ಸಂಬಳದಲ್ಲಿ ಕಂತು ಹೊಂದುತ್ತದೆ, ಆದ್ದರಿಂದ ಕಾರು ಕೈಗೆಟುಕುತ್ತದೆ ಎಂದು ತೀರ್ಮಾನಿಸುವವರು, ಕೊಟ್ಟ ಹಣದಲ್ಲಿ ಕಾರಿನ ರೂಪದಲ್ಲಿ ಉಳಿದುಕೊಳ್ಳುವುದೆಷ್ಟು, ಪೂರ್ತಿಯಾಗಿ ಕರಗಿಹೋಗುವುದೆಷ್ಟು ಎಂದು ಬಿಡಿಸಿ ನೋಡುವುದಿಲ್ಲ. ಸಾಮಾನ್ಯ ಕಾರಿನಲ್ಲಿ ಈ ಉಪೇಕ್ಷೆಗೆ ತೆರಬೇಕಾದ ದಂಡ ಸಣ್ಣದು. ವಿಲಾಸಿ ಕಾರಿನಲ್ಲಿ ಅದು ಕಾರಿನ ಬೆಲೆಗೇ ಸಮನಾಗಬಹುದು.

ಮೊದಲು ಕೊಳ್ಳುವಾಗಿನ ತೆರಿಗೆಯನ್ನೇ ನೋಡೋಣ. ಹೊರದೇಶದಿಂದ ಬರುವ ಕಾರಿನ ಮೇಲೆ ತೆರಿಗೆಗಳು ಒಂದರ ಪಕ್ಕ ಒಂದು ಕೂರುವುದಿಲ್ಲ, ಒಂದರ ಮೇಲೊಂದು ಕೂರುತ್ತವೆ. ಉದಾಹರಣೆಗೆ, ಬಂದರಿಗೆ ಬಂದ ಕಾರಿನ ಮೌಲ್ಯ 100 ಎಂದಿಟ್ಟುಕೊಳ್ಳೋಣ. ಆಮದು ಸುಂಕ ಶೇ 70 ಇದ್ದರೆ ಮೌಲ್ಯ 170 ಆಗುತ್ತದೆ. ಜಿಎಸ್‌ಟಿಯಂಥ ಬಳಕೆಯ ತೆರಿಗೆ ಶೇ 40 ಇದ್ದರೆ ಅದನ್ನು 100ರ ಮೇಲಲ್ಲ, ಸುಂಕವೂ ಸೇರಿದ 170ರ ಮೇಲೆ ಹಾಕುತ್ತಾರೆ; ಅಲ್ಲಿಗೆ 238. ನೋಂದಣಿ ತೆರಿಗೆ ಶೇ 15 ಎಂದರೂ ಅದು ಈ 238ರ ಮೇಲೆ ಬೀಳುತ್ತದೆ, ಮೊತ್ತ 274 ಸಮೀಪಿಸುತ್ತದೆ. ಮಾರಾಟಗಾರರ ಲಾಭಾಂಶವನ್ನು ನಾನಿಲ್ಲಿ ಸೇರಿಸಿಲ್ಲ. ಕಾರು ಮೂರು ವರ್ಷದಲ್ಲಿ ಶೇ 40ರಷ್ಟು ಬೆಲೆ ಕಳೆದುಕೊಂಡಿತು ಎಂದುಕೊಳ್ಳಿ. ಆ ಸವಕಳಿಯೂ ನಡೆಯುವುದು 274ರ ಮೇಲೆಯೇ, ಅಂದರೆ ಸುಮಾರು 110. ಕಾರ್ಖಾನೆಯಿಂದ ಬಂದ ಕಾರಿನ ಮೌಲ್ಯಕ್ಕಿಂತ ಹೆಚ್ಚಿನ ಹಣ ಮೂರೇ ವರ್ಷದಲ್ಲಿ ಹೋಗಿದೆ, ಕಾರು ಇನ್ನೂ ಹೊಸದರಂತೆಯೇ ಇದೆ. ತೆರಿಗೆ ಕಾರಿನ ಬೆಲೆಯೊಳಗೆ ಕರಗಿ, ಕಾರಿನ ಜೊತೆಗೇ ಸವೆಯುತ್ತದೆ ಎಂಬ ಈ ಅಂಶ ಕೊಳ್ಳುವವರ ಲೆಕ್ಕದಲ್ಲಿ ಬಂದದ್ದನ್ನು ನಾನು ಕಂಡದ್ದು ಕಡಿಮೆ.

ಇದಕ್ಕೊಂದು ಉಪಕಥೆಯೂ ಉಂಟು. ಸರ್ಕಾರ ಆಮದು ಸುಂಕವನ್ನು ಇಳಿಸಿದಾಗ ಹೊಸದಾಗಿ ಕೊಳ್ಳುವವರಿಗೆ ಹಬ್ಬ. ಹಳೆಯ ದರದಲ್ಲಿ ತೆರಿಗೆ ಕಟ್ಟಿ ಕಾರು ಇಟ್ಟುಕೊಂಡವರಿಗೆ ಅದರ ಮರುಮಾರಾಟದ ಬೆಲೆ ರಾತ್ರೋರಾತ್ರಿ ಕುಸಿಯುತ್ತದೆ. ದೇಶ ದೇಶಗಳ ನಡುವೆ ವ್ಯಾಪಾರ ಒಪ್ಪಂದಗಳ ಮಾತುಕತೆ ನಡೆಯುವ ಹೊತ್ತಿನಲ್ಲಿ ಸಾಲ ಮಾಡಿ ಆಮದು ಕಾರು ಕೊಳ್ಳುವವರು ಆ ಸುದ್ದಿಗಳನ್ನೂ ಓದಬೇಕು.

ತೆರಿಗೆಯ ಸ್ವರೂಪ ಒಂದೊಂದು ದೇಶದಲ್ಲಿ ಒಂದೊಂದು ಬಗೆ. ಭಾರತದಲ್ಲಿ 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಕಾರುಗಳಿಗೆ ಶೇ 40 ಜಿಎಸ್‌ಟಿ ಇದೆ. ಆಸ್ಟ್ರೇಲಿಯಾದಲ್ಲಿ ನಿಗದಿತ ಮಿತಿಯನ್ನು ದಾಟಿದ ಬೆಲೆಗೆ ಶೇ 33 ವಿಲಾಸಿ ಕಾರು ತೆರಿಗೆ ಬೀಳುತ್ತದೆ. ಡೆನ್ಮಾರ್ಕಿನ ನೋಂದಣಿ ತೆರಿಗೆಯ ಮೇಲಿನ ಹಂತ ಶೇ 150. ಸಿಂಗಪುರದಲ್ಲಿ ಕಾರು ಇಟ್ಟುಕೊಳ್ಳುವ ಹಕ್ಕಿಗೇ ಹರಾಜಿನಲ್ಲಿ ಹಣ ತೆರಬೇಕು, ಆ ಹಕ್ಕಿನ ಅವಧಿ 10 ವರ್ಷ. ಇದರ ಜೊತೆಗೆ 2023ರಿಂದ, ಕಾರಿನ ಮೂಲ ಮೌಲ್ಯದಲ್ಲಿ 80,000 ಸಿಂಗಪುರ ಡಾಲರ್ ಮೀರಿದ ಭಾಗಕ್ಕೆ ಶೇ 320ರ ನೋಂದಣಿ ಶುಲ್ಕವಿದೆ. ಫ್ರಾನ್ಸ್ ಬೆಲೆಯ ಬದಲು ಹೊಗೆಯನ್ನು ಅಳೆಯುತ್ತದೆ. ಅತಿ ಹೆಚ್ಚು ಇಂಗಾಲ ಉಗುಳುವ ಕಾರಿನ ಮೊದಲ ನೋಂದಣಿಗೆ ಅಲ್ಲಿ 2024ರಲ್ಲಿ ಕಟ್ಟಬೇಕಾಗಿದ್ದ ಗರಿಷ್ಠ ದಂಡ 60,000 ಯೂರೋ. ಅಮೆರಿಕದ ಒಕ್ಕೂಟ ಸರ್ಕಾರ 1991ರಲ್ಲಿ 30,000 ಡಾಲರ್ ಮೀರಿದ ಬೆಲೆಗೆ ಶೇ 10 ವಿಲಾಸಿ ತೆರಿಗೆ ಹಾಕಿ, ಕ್ರಮೇಣ ಇಳಿಸಿ, 2002ರ ಕೊನೆಗೆ ಕೈಬಿಟ್ಟಿತು. ದುಬಾರಿ ಕಾರಿನ ಮೇಲಿನ ತೆರಿಗೆ ಮತದಾರರನ್ನು ಹೆಚ್ಚು ನೋಯಿಸುವುದಿಲ್ಲವಾದ್ದರಿಂದ ಯಾವ ಸರ್ಕಾರವೂ ಅದನ್ನು ಸಂಕೋಚವಿಲ್ಲದೆ ಏರಿಸಬಲ್ಲದು ಎಂಬುದು ನನ್ನ ಅನಿಸಿಕೆ.

ಇವೆಲ್ಲ ಒಮ್ಮೆ ಕಟ್ಟಿ ಮುಗಿಸುವಂಥವು. ವರ್ಷ ವರ್ಷ ಬರುವ ತೆರಿಗೆ ಇನ್ನೂ ಮುಖ್ಯ. ಅದರಲ್ಲಿ ಒಂದು ಕಾಸೂ ಕಾರಿನ ಬೆಲೆಯಲ್ಲಿ ಉಳಿಯುವುದಿಲ್ಲ. ಇಟಲಿಯಲ್ಲಿ ಎಂಜಿನ್‌ನ ಶಕ್ತಿ 185 ಕಿಲೋವ್ಯಾಟ್ ದಾಟಿದರೆ ಪ್ರತಿ ಹೆಚ್ಚುವರಿ ಕಿಲೋವ್ಯಾಟ್‌ಗೆ ವರ್ಷಕ್ಕೆ 20 ಯೂರೋ ಹೆಚ್ಚುವರಿ ತೆರಿಗೆ ಇದೆ. 400 ಕಿಲೋವ್ಯಾಟ್‌ನ ಕಾರಿಗೆ ಇದು 4,300 ಯೂರೋ ಆಗುತ್ತದೆ, ಮಾಮೂಲಿ ವಾಹನ ತೆರಿಗೆ ಬೇರೆ. ಕಾರಿಗೆ ಐದು ವರ್ಷವಾದ ಮೇಲೆ ದರ ಹಂತ ಹಂತವಾಗಿ ಇಳಿಯುತ್ತದೆ, ಇಪ್ಪತ್ತು ವರ್ಷ ದಾಟಿದರೆ ಇಲ್ಲವಾಗುತ್ತದೆ. ಬ್ರಿಟನ್ನಿನ ನಿಯಮ ಇನ್ನೊಂದು ಬಗೆಯ ಪಾಠ. ಅಲ್ಲಿ 2017ರ ಏಪ್ರಿಲ್‌ನಿಂದೀಚೆಗೆ ನೋಂದಣಿಯಾದ, ಹೊಸದಾಗಿದ್ದಾಗಿನ ಪಟ್ಟಿಬೆಲೆ 40,000 ಪೌಂಡ್ ಮೀರಿದ ಪೆಟ್ರೋಲ್ ಅಥವಾ ಡೀಸೆಲ್ ಕಾರಿಗೆ ಎರಡನೆಯ ವರ್ಷದಿಂದ ಐದು ವರ್ಷ ಹೆಚ್ಚುವರಿ ತೆರಿಗೆ ಕಟ್ಟಬೇಕು. ಪಟ್ಟಿಬೆಲೆ ಎಂಬುದನ್ನು ಗಮನಿಸಬೇಕು: ಮೂರು ವರ್ಷದ ಹಳೆಯ ಕಾರನ್ನು ಅರ್ಧ ಬೆಲೆಗೆ ಕೊಂಡವರೂ ಮೊದಲ ಮಾಲೀಕ ಕಟ್ಟುತ್ತಿದ್ದಷ್ಟನ್ನೇ ಕಟ್ಟುತ್ತಾರೆ. ಕಾರು ಅಗ್ಗವಾಗಿದೆ, ಅದರ ತೆರಿಗೆ ಅಗ್ಗವಾಗಿಲ್ಲ.

ಈ ಭಾರ ತಪ್ಪಿಸಿಕೊಳ್ಳಲು ಒಳದಾರಿ ಹೇಳಿಕೊಡುವವರಿಗೂ ಬರವಿಲ್ಲ. ಅಮೆರಿಕದ ಮೊಂಟಾನಾ ರಾಜ್ಯದಲ್ಲಿ ಮಾರಾಟ ತೆರಿಗೆ ಇಲ್ಲವೆಂದು ಅಲ್ಲೊಂದು ಕಾಗದದ ಮೇಲಿನ ಕಂಪನಿ ತೆರೆದು, ಕಾರನ್ನು ಅದರ ಹೆಸರಿನಲ್ಲಿ ನೋಂದಾಯಿಸಿ, ಬೇರೆ ರಾಜ್ಯದಲ್ಲಿ ಓಡಿಸುವ ಪದ್ಧತಿ ಪ್ರಸಿದ್ಧ. ಮಾಲೀಕರ ಸ್ವಂತ ರಾಜ್ಯಗಳು ಅಂಥವರ ಬೆನ್ನುಹತ್ತಿ ಬಾಕಿ ಮತ್ತು ದಂಡ ವಸೂಲಿ ಮಾಡುವುದೂ ಅಷ್ಟೇ ಪ್ರಸಿದ್ಧ. ಸ್ವಂತ ಉದ್ಯಮದ ಖಾತೆಯಲ್ಲಿ ಕಾರು ಕೊಂಡು ಖರ್ಚು ತೋರಿಸುವ ಉಪಾಯಕ್ಕೂ ಮಿತಿ ಇದೆ. ಮನೆಯವರೊಂದಿಗೆ ವಿಹಾರಕ್ಕೆ ಓಡಿಸಿದ ಕಾರನ್ನು ವ್ಯಾಪಾರದ ಖರ್ಚು ಎಂದು ಬರೆಯಲು ಬರುವುದಿಲ್ಲ, ಕಂಪನಿಯ ಕಾರಿನ ಸ್ವಂತ ಬಳಕೆಯನ್ನು ಅನೇಕ ದೇಶಗಳು ಆದಾಯವೆಂದೇ ಎಣಿಸಿ ತೆರಿಗೆ ಹಾಕುತ್ತವೆ. ಎರಡು ಆಸನದ, ಸೂಟ್‌ಕೇಸ್ ಹಿಡಿಸದ ಕಾರು ಕಚೇರಿಯ ಕೆಲಸಕ್ಕೆಂದು ತೆರಿಗೆ ಅಧಿಕಾರಿಯನ್ನು ನಂಬಿಸುವ ಹೊಣೆ ನನ್ನ ಪಾಲಿಗೆ ಬಾರದಿರಲಿ.

ವಿಮೆಯ ವಿಷಯದಲ್ಲಿ ವಯಸ್ಸು ನೇರವಾಗಿ ಅಡ್ಡಬರುತ್ತದೆ. ಇಪ್ಪತ್ತೈದು ತುಂಬದ ಚಾಲಕರಿಗೆ ಅನೇಕ ಕಡೆ ವಿಮೆಯ ಕಂತು ದುಬಾರಿ. ಅಪಘಾತವಿಲ್ಲದ ವರ್ಷಗಳ ದಾಖಲೆ ಅವರ ಬಳಿ ಇರುವುದಿಲ್ಲ, ಇಷ್ಟು ಶಕ್ತಿಯ ಕಾರಿಗೆ ವಿಮೆಯನ್ನೇ ನಿರಾಕರಿಸುವ ಕಂಪನಿಗಳೂ ಇವೆ. ತಂದೆಯ ಹೆಸರಿನಲ್ಲಿ ವಿಮೆ ಮಾಡಿಸಿ ಮಗ ಓಡಿಸುವ ಜಾಣತನ, ಅಪಘಾತವಾದ ದಿನ ಪರಿಹಾರ ಸಿಗದಂತೆ ಮಾಡಬಹುದು. ಮುಂಗಡ ಕಟ್ಟುವ ಮೊದಲೇ ವಿಮೆಯ ದರವನ್ನು ಬರಹದಲ್ಲಿ ಪಡೆಯಬೇಕು. ನಷ್ಟವಾದಾಗ ಕೊಡುವುದು ಮೊದಲೇ ಒಪ್ಪಿದ ಮೊತ್ತವನ್ನೋ ಆ ದಿನದ ಮಾರುಕಟ್ಟೆ ಬೆಲೆಯನ್ನೋ ಎಂಬುದನ್ನೂ ಕೇಳಬೇಕು. ಸಾಲದ ಬಾಕಿ ಕಾರಿನ ಬೆಲೆಗಿಂತ ಹೆಚ್ಚಿರುವ ಮೊದಲ ಒಂದೆರಡು ವರ್ಷಗಳಲ್ಲಿ ಈ ವ್ಯತ್ಯಾಸವೇ ಕಾರಿಲ್ಲದೆ ಕಂತು ಕಟ್ಟುವ ಸ್ಥಿತಿಗೆ ತಂದೀತು.

ಹೊಸ ಕಾರಿಗೆ ಹಣ ಸಾಲದೆ ಹಳೆಯದನ್ನು ಕೊಳ್ಳಹೊರಟ ಯುವಕರು ಬೆಲೆ ಇಳಿದಂತೆ ಸರ್ವಿಸ್ ಖರ್ಚೂ ಇಳಿಯುತ್ತದೆ ಎಂದು ಭಾವಿಸುತ್ತಾರೆ. ತೊಂಬತ್ತರ ದಶಕದ ಫೆರಾರಿ ಎಫ್355ರಲ್ಲಿ ಎಂಜಿನ್ನಿನ ಒಳಭಾಗಗಳ ಚಲನೆಯನ್ನು ಹೊಂದಿಸುವ ಟೈಮಿಂಗ್ ಬೆಲ್ಟ್ ಬದಲಿಸಲು ಎಂಜಿನ್ನನ್ನೇ ಕೆಳಗಿಳಿಸಬೇಕು. ಅದರ ನಂತರ ಬಂದ 360 ಮಾದರಿಯಲ್ಲಿ ಆಸನಗಳ ಹಿಂದಿನ ಮುಚ್ಚಳ ತೆಗೆದರೆ ಸಾಕು. ಒಂದೇ ಕಂಪನಿಯ, ಬೆನ್ನುಬೆನ್ನಿಗೆ ಬಂದ ಎರಡು ಕಾರುಗಳ ನಡುವೆ ಕೂಲಿಯ ಅಂತರ ಇಷ್ಟು! ಕಾರು ಎಷ್ಟು ಹಳೆಯದಾದರೂ ಮೆಕ್ಯಾನಿಕ್‌ನ ಗಂಟೆಯ ದರ ಹೊಸ ಕಾರಿನದೇ. ಫೆರಾರಿ ಕಂಪನಿ ತನ್ನ ಹೊಸ ಕಾರುಗಳಿಗೆ ಮೊದಲ ಏಳು ವರ್ಷದ ನಿಗದಿತ ಸರ್ವಿಸನ್ನು ಬೆಲೆಯಲ್ಲೇ ಸೇರಿಸಿ ಕೊಡುತ್ತದೆ, ಟೈರು ಬ್ರೇಕುಗಳಂಥ ಸವೆಯುವ ಭಾಗಗಳು ಅದರಲ್ಲಿ ಸೇರುವುದಿಲ್ಲ. ಕಾರ್ಬನ್ ಸೆರಾಮಿಕ್ ಬ್ರೇಕ್ ಡಿಸ್ಕುಗಳ ಒಂದು ಜೊತೆಯ ಬೆಲೆ ಸಾಧಾರಣ ಹೊಸ ಕಾರಿನ ಬೆಲೆಯನ್ನು ಮುಟ್ಟಬಹುದು. ಚಕ್ರ ಬಿಚ್ಚುವಾಗ ತಗುಲಿಸಿದರೆ ಡಿಸ್ಕಿನ ಅಂಚು ಚಕ್ಕೆ ಏಳುತ್ತದೆ. ಟೈರಿನ ಪಕ್ಕದಲ್ಲಿ ಒತ್ತಿರುವ ನಾಲ್ಕು ಅಂಕಿಗಳನ್ನು ಓದುವುದು ಯಾರಿಗಾದರೂ ಸಾಧ್ಯ: 2319 ಎಂದಿದ್ದರೆ ಆ ಟೈರು ತಯಾರಾದದ್ದು 2019ರ 23ನೆಯ ವಾರದಲ್ಲಿ. ಕಾರು ಹೆಚ್ಚು ಓಡಿಲ್ಲ ಎಂದು ಮಾರಾಟಗಾರ ಹೆಮ್ಮೆಯಿಂದ ಹೇಳುವಾಗ ಟೈರಿನ ಮೇಲ್ಮೈಯ ಅಚ್ಚು ಚೆನ್ನಾಗಿಯೇ ಇರುತ್ತದೆ, ರಬ್ಬರು ಮಾತ್ರ ವಯಸ್ಸಾಗಿ ಗಡಸಾಗಿರುತ್ತದೆ. ಪೋರ್ಷೆಯಂಥ ಕಾರುಗಳಲ್ಲಿ ಎಂಜಿನ್ ಮಿತಿಮೀರಿ ತಿರುಗಿದ ಸಂದರ್ಭಗಳು ಅದರ ಕಂಪ್ಯೂಟರಿನಲ್ಲಿ ದಾಖಲಾಗಿರುತ್ತವೆ, ಕೊಳ್ಳುವ ಮುನ್ನ ಸ್ವತಂತ್ರ ಪರಿಣತರಿಂದ ಅದನ್ನು ತೆಗೆಸಿ ನೋಡಬೇಕು.

ಇಂಥ ಕಾರು ಖರ್ಚಲ್ಲ, ಹೂಡಿಕೆ ಎಂಬ ವಾದವನ್ನು ಯುವಕರ ಬಾಯಲ್ಲಿ ಮತ್ತೆ ಮತ್ತೆ ಕೇಳುತ್ತೇನೆ. ಅದಕ್ಕೆ ಅವರು ಕೊಡುವ ಸಾಕ್ಷಿ ಸಾಮಾನ್ಯವಾಗಿ ಮೆಕ್‌ಲಾರೆನ್ ಎಫ್1: 2021ರ ಹರಾಜೊಂದರಲ್ಲಿ ಅದು 2 ಕೋಟಿ ಡಾಲರ್‌ಗೂ ಹೆಚ್ಚಿನ ಬೆಲೆಗೆ ಹೋಯಿತು. ಆದರೆ ಆ ಕಾರು ಒಟ್ಟು ತಯಾರಾದದ್ದು 106 ಮಾತ್ರ. ವರ್ಷಕ್ಕೆ ಸಾವಿರಗಟ್ಟಲೆ ತಯಾರಾಗುವ ಮಾದರಿಯನ್ನು ಕೊಂಡವರು ಆ 106ರ ಮಾತಾಡಿ ಪ್ರಯೋಜನವಿಲ್ಲ. ಲಾಭ ಬಂದರೂ ಲೆಕ್ಕ ಸಮವಾಗಿರುವುದಿಲ್ಲ: ಅಮೆರಿಕದ ಕಾನೂನಿನಂತೆ ಸ್ವಂತ ಬಳಕೆಯ ಕಾರನ್ನು ಲಾಭಕ್ಕೆ ಮಾರಿದರೆ ಆ ಲಾಭಕ್ಕೆ ತೆರಿಗೆ, ನಷ್ಟಕ್ಕೆ ಮಾರಿದರೆ ಆ ನಷ್ಟವನ್ನು ಆದಾಯದಲ್ಲಿ ಕಳೆಯುವಂತಿಲ್ಲ. ಬ್ರಿಟನ್ ಸಾಮಾನ್ಯವಾಗಿ ಕಾರು ಮಾರಿದ ಲಾಭವನ್ನು ಬಂಡವಾಳ ಲಾಭದ ತೆರಿಗೆಯಿಂದ ಹೊರಗಿಟ್ಟಿದೆ. ಕಾರು ಸಾಮಾನ್ಯವಾಗಿ ಸವೆಯುವ ವಸ್ತು ಎಂಬ ತಿಳಿವಳಿಕೆಯೇ ಅದಕ್ಕೆ ಕಾರಣ.

ಎಳೆಯ ವಯಸ್ಸಿನ ಹಣಕ್ಕೆ ಇನ್ನೊಂದು ಬೆಲೆಯಿದೆ. ವರ್ಷಕ್ಕೆ ಶೇ 7ರಂತೆ ಬೆಳೆಯುವ ಹಣ 40 ವರ್ಷದಲ್ಲಿ ಸುಮಾರು 15 ಪಟ್ಟಾಗುತ್ತದೆ. ಅರವತ್ತೈದರವರೆಗೆ ಲೆಕ್ಕ ಹಾಕಿದರೆ, ಇಪ್ಪತ್ತೈದರಲ್ಲಿ ಕರಗಿಸಿದ ಹಣಕ್ಕೆ ಆ 40 ವರ್ಷವೂ ನಷ್ಟ, ಐವತ್ತೈದರಲ್ಲಿ ಕರಗಿಸಿದ್ದಕ್ಕೆ ಹತ್ತೇ ವರ್ಷ. ಹಣದುಬ್ಬರವನ್ನು ಕಳೆದರೂ ಅಂತರ ಸಣ್ಣದಲ್ಲ. ಇದಕ್ಕೆ ಎದುರುವಾದವನ್ನೂ ಒಪ್ಪುತ್ತೇನೆ: ನೆಲಕ್ಕೆ ತಾಗುವಂತಿರುವ ಆಸನದಿಂದ ಮೊಣಕಾಲು ನೋಯದೆ ಎದ್ದುಬರುವ ವಯಸ್ಸೂ ಇದೇ. ಲೆಕ್ಕವನ್ನು ಪೂರ್ತಿ ನೋಡಿ, ಆ ಸುಖಕ್ಕೆ ಇಷ್ಟು ತೆರಲು ಸಿದ್ಧ ಎಂದವರ ಆಯ್ಕೆಯಲ್ಲಿ ನನಗೆ ಕುಂದು ಕಾಣುವುದಿಲ್ಲ.

ಆ ಲೆಕ್ಕ ನೋಡಲು ಸಿಗಬೇಕು, ಅಷ್ಟೇ. ದುಬಾರಿ ಕಾರಿನ ವಿಮರ್ಶೆ ಪ್ರಕಟಿಸುವಾಗಲೆಲ್ಲ ಅದರ ಬಳಿ ಒಂದು ಸಣ್ಣ ಚೌಕದಲ್ಲಿ ಬಂದರಿನ ಮೌಲ್ಯ ಎಷ್ಟು, ಅದರ ಮೇಲೆ ಕೂತ ತೆರಿಗೆಗಳ ಮೊತ್ತ ಎಷ್ಟು, ಇಪ್ಪತ್ತೈದರ ಚಾಲಕನಿಗೆ ಮತ್ತು ನಲವತ್ತೈದರ ಚಾಲಕನಿಗೆ ವರ್ಷದ ವಿಮೆ ಎಷ್ಟು, ಟೈರು ಬ್ರೇಕುಗಳ ಬದಲಾವಣೆಗೆ ಎಷ್ಟು, ಇದೇ ಕಂಪನಿಯ ಹಿಂದಿನ ಮಾದರಿ ಮೂರು ಮತ್ತು ಐದು ವರ್ಷದ ನಂತರ ಎಷ್ಟಕ್ಕೆ ಮಾರಾಟವಾಗುತ್ತಿದೆ ಎಂಬುದನ್ನು ಮುದ್ರಿಸಬೇಕೆಂದು ಕೋರುತ್ತೇನೆ. ಇದಕ್ಕೆ ಜಾಗ ಸಾಲದಿದ್ದರೆ ಕಾರಿನ ಬಣ್ಣದ ಚಿತ್ರವನ್ನು ಒಂದು ಕಾಲಂನಷ್ಟು ಕುಗ್ಗಿಸಿದರೂ ಅಡ್ಡಿಯಿಲ್ಲ.

ಇತಿ ತಮ್ಮ ವಿಶ್ವಾಸಿ,
ಒಬ್ಬ ತೆರಿಗೆ ಸಲಹೆಗಾರ