ವಿಟ್ಬಿಯಲ್ಲಿ ಮತ್ತೆ ಮಳೆ

ಲೀಡ್ಸ್, ಇಂಗ್ಲೆಂಡ್
ಆಗಸ್ಟ್ ಕೊನೆಯ ವಾರ

ಪ್ರೀತಿಯ ಅಮ್ಮ, ಅಪ್ಪಾಜಿಗೆ ನಮಸ್ಕಾರಗಳು.

ದಾವಣಗೆರೆಯಲ್ಲಿ ಎಲ್ಲರೂ ಆರಾಮಾಗಿದ್ದೀರಿ ಅಂದುಕೊಂಡಿದ್ದೇನೆ. ಅಪ್ಪಾಜಿಗೆ ಈಚೆಗೆ ಫೋನಿನಲ್ಲಿ ಸರಿಯಾಗಿ ಕೇಳಿಸುವುದಿಲ್ಲ ಅಂತ ತಮ್ಮ ಹೇಳಿದ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಅಮ್ಮ, ಇದನ್ನು ಅವರಿಗೂ ಓದಿ ಹೇಳು.

ಸೋಮವಾರ ಇಲ್ಲಿ ಎಲ್ಲರಿಗೂ ರಜೆ. ನಿಮ್ಮ ಅಳಿಯ, ಪುಟ್ಟಿ, ನಾನು ವಿಟ್ಬಿಗೆ ಹೋಗಿದ್ದೆವು. ಹೌದು, ಅದೇ ವಿಟ್ಬಿ. ಅಪ್ಪಾಜಿ ಇಲ್ಲಿನ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದಾಗ ರಜೆ ಸಿಕ್ಕರೆ ನಮ್ಮನ್ನು ಬಸ್ಸಿನಲ್ಲಿ ಕರೆದುಕೊಂಡು ಹೋಗುತ್ತಿದ್ದ ಸಮುದ್ರದ ದಡದ ಊರು.

ದಾರಿಯಲ್ಲೇ ಮಳೆ ಹಿಡಿಯಿತು. ಗುಡ್ಡದ ತುಂಬ ನೇರಳೆ ಹೂ ಅರಳಿತ್ತು, ಒಂದೂ ಸರಿಯಾಗಿ ಕಾಣಲಿಲ್ಲ. ಉತ್ತರ ಸಮುದ್ರದ ಗಾಳಿಗೆ ಮಳೆ ಅಡ್ಡಡ್ಡ ಹೊಡೆಯುತ್ತದೆ, ನಿನಗೆ ಗೊತ್ತಲ್ಲ, ಕೊಡೆ ಇದ್ದೂ ಪ್ರಯೋಜನ ಇಲ್ಲ. "ಇಷ್ಟು ಮಳೆ ಸಮುದ್ರಕ್ಕೆ ಸುರಿದು ಏನು ಬಂತು, ನಮ್ಮ ದುರ್ಗಕ್ಕಾದ್ರೂ ಹೋಗಬಾರದಾ" ಅಂತ ನೀನು ಆಗ ಹೇಳುತ್ತಿದ್ದೆ. 2022ರಲ್ಲಿ ದುರ್ಗದ ಕಡೆಯ ಮಾರಿಕಣಿವೆ ಅಣೆಕಟ್ಟು ತುಂಬಿ ಕೋಡಿ ಬಿದ್ದಾಗ, 1933 ಆದಮೇಲೆ ಈಗಲೇ ಅಂತ ಫೋನಿನಲ್ಲಿ ಹೇಳುತ್ತಾ ನೀನು ಅತ್ತಿದ್ದು ನೆನಪಾಯಿತು.

ಎಸ್ಕ್ ನದಿಯ ಸೇತುವೆ ಹಾಗೇ ಇದೆ. ದೋಣಿ ಬಂದರೆ ಈಗಲೂ ಎರಡು ಭಾಗವಾಗಿ ಪಕ್ಕಕ್ಕೆ ತಿರುಗುತ್ತದೆ. ಪುಟ್ಟಿ ಅಲ್ಲಿಂದ ಕದಲಲೇ ಇಲ್ಲ. ತಿಮಿಂಗಿಲದ ಎಲುಬಿನ ಕಮಾನು ಮಾತ್ರ ನಮ್ಮ ಕಾಲದ್ದಲ್ಲ. ಹಳೆಯ ಎಲುಬು ತೆಗೆದು 2003ರಲ್ಲಿ ಅಲಾಸ್ಕಾದಿಂದ ಬಂದದ್ದನ್ನು ನಿಲ್ಲಿಸಿದ್ದಾರೆ. ನೋಡಿದವರಿಗೆ ವ್ಯತ್ಯಾಸ ತಿಳಿಯುವುದಿಲ್ಲ. ನನಗೆ ಮಾತ್ರ ಒಂಥರಾ ಬೇಜಾರಾಯಿತು.

ಮೀನಿನ ಅಂಗಡಿಗಳ ಮುಂದೆ ಅದೇ ಉದ್ದ ಸಾಲು, ಅದೇ ವಾಸನೆ. ಈ ಕಡೆ ಆಲೂಗಡ್ಡೆ ಚಿಪ್ಸನ್ನೂ ದನದ ಕೊಬ್ಬಿನಲ್ಲಿ ಕರಿಯುವ ಅಂಗಡಿಗಳು ಬಹಳ. ಅದು ಗೊತ್ತಾದಮೇಲೆ ಅಪ್ಪಾಜಿ ನಮಗೆ ಕೊಡಿಸಲೇ ಇಲ್ಲ. ನಾನೂ ತಮ್ಮನೂ ರಂಪ ಮಾಡಿದರೆ ನೀನು ಸ್ಟೀಲ್ ಡಬ್ಬಿ ತೆಗೆಯುತ್ತಿದ್ದೆ. ಒಗ್ಗರಣೆ ಮಂಡಕ್ಕಿ! ಅಜ್ಜಿ ಊರಿಂದ ಕಳಿಸಿದ ಮಂಡಕ್ಕಿಯನ್ನು ಅಷ್ಟು ದಿನ ಹೇಗೆ ಕಾಪಾಡಿಟ್ಟಿದ್ದೆ? ಕಡಲಹಕ್ಕಿಗಳು ಬಂದು ಕೂತರೆ ಸೆರಗು ಬೀಸಿ ಓಡಿಸುತ್ತಾ ನಮಗೆ ತಿನ್ನಿಸಿದ್ದು ಚೆನ್ನಾಗಿ ನೆನಪಿದೆ.

ಆಮೇಲೆ ಮೆಟ್ಟಿಲು. 199 ಅಂತ ಪುಟ್ಟಿ ಗಟ್ಟಿಯಾಗಿ ಎಣಿಸಿದಳು. ನಾನು ಮಧ್ಯೆ ಮಧ್ಯೆ ಬೆಂಚಿನ ಮೇಲೆ ಕೂರಬೇಕಾಯಿತು. ಹಿಂದಿನ ಕಾಲದಲ್ಲಿ ಮೇಲಿನ ಚರ್ಚಿಗೆ ಹೆಣ ಹೊತ್ತುಕೊಂಡು ಹೋಗುವವರು ಪೆಟ್ಟಿಗೆ ಇಳಿಸಿ ಸುಧಾರಿಸಿಕೊಳ್ಳುತ್ತಿದ್ದ ಜಾಗಗಳಂತೆ ಅವು. ನೀನೋ ಸೀರೆ ಉಟ್ಟು, ತಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡು, ನಿಲ್ಲದೆ ಹತ್ತುತ್ತಿದ್ದೆ. "ಕೋಟೆ ಹತ್ತಿ ಬೆಳೆದವಳಿಗೆ ಇದ್ಯಾವ ಲೆಕ್ಕ" ಅನ್ನುತ್ತಿದ್ದೆ. ಮೇಲಿನ ಹಾಳು ಅಬ್ಬೆಯನ್ನು, ಅಂದರೆ ಹಳೇ ಕ್ರೈಸ್ತ ಮಠವನ್ನು, ನೋಡಿ "ಇದನ್ನ ಯಾರು ಹಾಳು ಮಾಡಿದ್ರು" ಅಂತ ಕೇಳಿದಾಗ, ಎಂಟನೇ ಹೆನ್ರಿ ಅನ್ನುವ ಅವರದೇ ರಾಜ 1539ರಲ್ಲಿ ಮುಚ್ಚಿಸಿದ ಅಂತ ಅಪ್ಪಾಜಿ ಹೇಳಿದ್ದರು. ಅವರದೇ ರಾಜನಾ ಅಂತ ನೀನು ನೊಂದುಕೊಂಡೆ.

ಅಮ್ಮ, ಆಗ ನಿನಗೆ ಇನ್ನೂ ಮೂವತ್ತೂ ಆಗಿರಲಿಲ್ಲ, ಅಲ್ವಾ? ಈಗಿನ ನನಗಿಂತ ಚಿಕ್ಕವಳು. ಅಪ್ಪಾಜಿಗೆ ರಾತ್ರಿ ಡ್ಯೂಟಿ. ಅಕ್ಕಪಕ್ಕದವರ ಮಾತು ನಿನಗೆ ಅರ್ಥವಾಗುತ್ತಿರಲಿಲ್ಲ. ಊರಿಂದ ಕಾಗದ ಬರಲು ವಾರಗಳೇ ಬೇಕು. ನನಗಾದರೆ ಬೇಕೆಂದಾಗ ನಿನ್ನ ಮುಖ ಫೋನಿನಲ್ಲಿ ಕಾಣುತ್ತದೆ, ಆದರೂ ಕೆಲವು ಸಂಜೆ ತಡೆಯುವುದಿಲ್ಲ. ಮೇಲೆ ಹತ್ತಿದಮೇಲೆ ನೀನು ಗೋಡೆಯ ಹತ್ತಿರ ಬಹಳ ಹೊತ್ತು ನಿಲ್ಲುತ್ತಿದ್ದೆ. ಅಮ್ಮ ಸಮುದ್ರ ನೋಡುತ್ತಿದ್ದಾಳೆ ಅಂತ ನಾವು ಸುಮ್ನೆ ಆಡಿಕೊಳ್ಳುತ್ತಿದ್ದೆವು. ಮೊನ್ನೆ ಅದೇ ಜಾಗದಲ್ಲಿ ನಿಂತಾಗ, ನೀನು ಊರು ನೆನೆಸಿಕೊಂಡು ಅಳುತ್ತಿದ್ದೆಯೇನೋ ಅನ್ನಿಸಿತು. ಹಾಗಿದ್ದರೆ ಈಗಲಾದರೂ ನನಗೆ ಹೇಳು. ನಾನೀಗ ದೊಡ್ಡವಳಾಗಿದ್ದೇನೆ.

ಮುಂದಿನ ಜೂನ್‌ನಲ್ಲಿ ನೀವಿಬ್ಬರೂ ಬರಲೇಬೇಕು. ಮೆಟ್ಟಿಲು ಹತ್ತುವುದು ಬೇಡ, ಅಬ್ಬೆಯ ತನಕ ಕಾರು ಹೋಗುತ್ತದೆ. ಕಮಾನಿನ ಕೆಳಗೆ ನಾಲ್ವರೂ ನಿಂತ ಫೋಟೋ ಹಳೇ ಟ್ರಂಕಿನಲ್ಲಿ ಇರಬೇಕು. ತಮ್ಮನಿಗೆ ಹೇಳಿ ಹುಡುಕಿಸು, ವಾಟ್ಸಾಪಿನಲ್ಲಿ ಕಳಿಸಲಿ. ಅಮ್ಮಮ್ಮ ನನ್ನಷ್ಟು ಚಿಕ್ಕವಳಾಗಿದ್ದಾಗ ಹೇಗಿದ್ದಳು ಅಂತ ಪುಟ್ಟಿ ದಿನಾ ಕೇಳುತ್ತಿದ್ದಾಳೆ. ಅಷ್ಟು ಚಿಕ್ಕದು ಸಿಗದಿದ್ದರೂ ಇದನ್ನು ತೋರಿಸುತ್ತೇನೆ.

ನಿಮ್ಮ ಪ್ರೀತಿಯ ಮಗಳು