ನಿಮ್ಮ ರಾತ್ರಿ ಜಾಬ್‌ಗಳ ಸರದಿ ಬದಲಾಗುತ್ತಿದೆ: ಗ್ರಾಹಕರಿಗೆ ಪತ್ರ

ಮೈಸೂರು, ಅಕ್ಟೋಬರ್ 2025

ಪ್ರಿಯ ಗ್ರಾಹಕರೇ,

ನಮಸ್ಕಾರ. ದಸರಾ ಗದ್ದಲ ಮುಗಿದು ಊರು ಮತ್ತೆ ಕೆಲಸಕ್ಕೆ ಕೂತಿದೆ. ನಾವೂ ಇಷ್ಟು ದಿನ ಮುಂದಕ್ಕೆ ಹಾಕಿದ್ದ ಒಂದು ದೊಡ್ಡ ಕೆಲಸಕ್ಕೆ ಕೈ ಹಾಕುತ್ತಿದ್ದೇವೆ. ನವೆಂಬರ್ 8, ಎರಡನೇ ಶನಿವಾರ ರಾತ್ರಿ, ನಿಮ್ಮ ಲೆಕ್ಕಪತ್ರ ನಡೆಯುವ ಮೇನ್‌ಫ್ರೇಮ್ ಎಂಬ ದೊಡ್ಡ ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಮ್ ಝಡ್/ಓಎಸ್ 2.5ರಿಂದ 3.1ಕ್ಕೆ ಹೋಗುತ್ತದೆ.

ಮೊದಲು ಒಂದು ಮಾತು. ಕೋಬಾಲ್ ಭಾಷೆಯಲ್ಲಿ ಬರೆದ ನಿಮ್ಮ ಪ್ರೋಗ್ರಾಮ್‌ಗಳನ್ನು ನಾವು ಮುಟ್ಟುವುದಿಲ್ಲ. ಬಡ್ಡಿ, ಕಂತು, ಕಬ್ಬಿನ ಸಾಲದ ಕಟಾವು, ಎಲ್ಲವೂ ಪೈಸೆ ಲೆಕ್ಕದಲ್ಲಿ ಈಗ ಹೇಗಿದೆಯೋ ಹಾಗೇ ಇರುತ್ತದೆ. ಹಳೆಯದನ್ನು ಬಿಟ್ಟುಕೊಡದೆ ಮುಂದೆ ಹೋಗುವುದು ಈ ಯಂತ್ರಗಳ ವಂಶದ ಗುಣ. 1964ರಲ್ಲಿ ಐಬಿಎಂ ಸಿಸ್ಟಮ್/360 ತಂದಾಗಿನಿಂದ ಅದು ಹಾಗೇ ನಡೆದು ಬಂದಿದೆ. 24 ಬಿಟ್ ಕಾಲಕ್ಕೆ ಬರೆದ ಪ್ರೋಗ್ರಾಮು 64 ಬಿಟ್ ಯಂತ್ರದಲ್ಲಿ ಇವತ್ತಿಗೂ ಓಡುತ್ತದೆ. ನಮಗೆ ಈ ಯಂತ್ರಗಳ ಮೇಲೆ ಇಷ್ಟು ಪ್ರೀತಿ ಇರುವುದು ಇದಕ್ಕೇ.

ಬದಲಾಗುವುದು ಬೇರೆ. ಆ ಪ್ರೋಗ್ರಾಮ್‌ಗಳನ್ನು ರಾತ್ರಿ ಸಾಲಿನಲ್ಲಿ ನಿಲ್ಲಿಸಿ ಒಂದೊಂದಾಗಿ ಒಳಗೆ ಬಿಡುವ ವ್ಯವಸ್ಥೆ ಬದಲಾಗುತ್ತಿದೆ. ಇಷ್ಟು ವರ್ಷ ನಿಮ್ಮಲ್ಲಿ ಹಲವರ ಜಾಬ್‌ಗಳನ್ನು, ಅಂದರೆ ಹೀಗೆ ಸಾಲಿನಲ್ಲಿ ನಿಂತ ಕೆಲಸಗಳನ್ನು, ಜೆಇಎಸ್3 ಎಂಬ ವ್ಯವಸ್ಥೆ ನೋಡಿಕೊಳ್ಳುತ್ತಿತ್ತು. ಜೆಇಎಸ್3 ಜೊತೆಗೆ ಬಂದ ಝಡ್/ಓಎಸ್‌ನ ಕೊನೆಯ ಆವೃತ್ತಿ 2.5. ಅದು 3.1ರಲ್ಲಿ ಇಲ್ಲ. ಇನ್ನು ಮುಂದೆ ಆ ಕೆಲಸ ಜೆಇಎಸ್2ರದ್ದು. 2.5ರಲ್ಲೇ ಸುಮ್ನೆ ಕೂತಿರೋಣ ಎಂದರೆ ಆಗುವುದಿಲ್ಲ. ಒಂದು ಆವೃತ್ತಿಗೆ ಸಾಮಾನ್ಯವಾಗಿ 5 ವರ್ಷ ಸೇವೆ ಸಿಗುತ್ತದೆ, 2.5 ಬಂದದ್ದು 2021ರಲ್ಲಿ. ಮೊನ್ನೆ ಸೆಪ್ಟೆಂಬರ್ ಕೊನೆಗೆ 3.2 ಕೂಡ ಬಂದಿದೆ. ಆದರೆ ನಿಮ್ಮ ಲೆಕ್ಕಕ್ಕೆ ಎರಡು ವರ್ಷ ನಡೆದು ಹದವಾಗಿರುವ 3.1 ಸಾಕು ಅನ್ನುವುದು ನಮ್ಮ ತೀರ್ಮಾನ.

ಜೆಇಎಸ್3ಕ್ಕೂ ಜೆಇಎಸ್2ಕ್ಕೂ ವ್ಯತ್ಯಾಸ ಏನು? ಮಂಡ್ಯದ ಕಡೆಯವರಿಗೆ ಇದು ಬೇಗ ಅರ್ಥವಾಗುತ್ತದೆ. ಕಬ್ಬಿನ ಗಾಡಿಗಳು ಕಾರ್ಖಾನೆ ಗೇಟಿನಲ್ಲಿ ಸಾಲಾಗಿ ನಿಂತಿವೆ ಅಂದುಕೊಳ್ಳಿ. ಜೆಇಎಸ್3 ಗೇಟಿನಲ್ಲೇ ಚೀಟಿ ನೋಡುತ್ತಿತ್ತು. ಈ ಗಾಡಿಗೆ ಬೇಕಾದ ಜಾಗ ಒಳಗೆ ಖಾಲಿ ಇದೆ ಎಂದು ಖಾತ್ರಿಯಾದ ಮೇಲೆಯೇ ಒಳಗೆ ಬಿಡುತ್ತಿತ್ತು. ಜೆಇಎಸ್2 ಸರದಿ ಬಂದ ಗಾಡಿಯನ್ನು ಬಿಟ್ಟುಬಿಡುತ್ತದೆ. ಅದಕ್ಕೆ ಬೇಕಾದ ಫೈಲು ಇನ್ನೊಂದು ಜಾಬ್‌ನ ಕೈಯಲ್ಲಿದ್ದರೆ ಅದು ಒಳಗೇ ನಿಂತು ಕಾಯಬೇಕು. ಕಾಯುವಷ್ಟು ಹೊತ್ತೂ ಒಂದು ಇನಿಶಿಯೇಟರ್, ಅಂದರೆ ಒಂದು ಜಾಬ್ ಓಡಲು ಇರುವ ಜಾಗ, ಅದರ ಹಿಡಿತದಲ್ಲಿರುತ್ತದೆ. ಹಿಂದೆ ಇರುವ ಜಾಬ್‌ಗಳಿಗೆ ದಾರಿ ಕಟ್ಟುತ್ತದೆ. ಅಂದರೆ ಇಷ್ಟು ದಿನ ಗೇಟಿನವನು ತಾನಾಗೇ ಸರಿಮಾಡಿಕೊಳ್ಳುತ್ತಿದ್ದ ಸರದಿಯನ್ನು ಈಗ ನಾವೇ ಸ್ಪಷ್ಟವಾಗಿ ಬರೆದು ಕೊಡಬೇಕು. ಇದಕ್ಕೆ ಜೆಇಎಸ್2ರಲ್ಲಿ ಜಾಬ್‌ಗ್ರೂಪ್ ಎನ್ನುವ ಒಳ್ಳೆಯ ಸೌಲಭ್ಯ ಇದೆ. ಯಾವುದು ಮುಗಿದ ಮೇಲೆ ಯಾವುದು, ಯಾವುದು ಕೆಟ್ಟರೆ ಯಾವುದು ನಿಲ್ಲಬೇಕು, ಎಲ್ಲವನ್ನೂ ಒಂದೇ ಕಡೆ ಬರೆಯಬಹುದು. ನಿಮ್ಮ ಹಳೆಯ ಜೆಸಿಎಲ್‌ನಲ್ಲಿ, ಅಂದರೆ ಜಾಬ್ ಓಡಿಸುವ ಸೂಚನೆಗಳಲ್ಲಿ, ಸರದಿ ಹೇಳುವ ನೆಟ್ ಸಾಲುಗಳನ್ನು ನಾವು ಈ ರೀತಿಗೆ ಬದಲಿಸುತ್ತಿದ್ದೇವೆ.

ನಮಗೆ ಭಯ ಇರುವುದು ಎಲ್ಲೂ ಬರೆಯದ ಸರದಿಗಳ ಬಗ್ಗೆ. ಕೆಲವು ವರ್ಷದ ಹಿಂದೆ ನಮ್ಮಲ್ಲೇ ಹೀಗಾಯಿತು. ಠೇವಣಿ ಜಮಾ ಆದ ಮೇಲೆಯೇ ಬಡ್ಡಿ ಜಾಬ್ ಬಿಡಬೇಕು ಎನ್ನುವುದು ಒಬ್ಬ ಆಪರೇಟರ್ ತಲೆಯಲ್ಲಿ ಮಾತ್ರ ಇತ್ತು. ಅವರು ರಜೆ ಹಾಕಿದ ದಿನ ಬಡ್ಡಿ ಮೊದಲು ಓಡಿತು. ಬೆಳಗ್ಗೆ ಗ್ರಾಹಕರ ಮುಂದೆ ಕ್ಷಮೆ ಕೇಳಿ, ಇಡೀ ದಿನ ಕೂತು ಹಿಂದಕ್ಕೆ ತಿರುಗಿಸಿದೆವು. ತಪ್ಪು ಆಪರೇಟರ್‌ದಲ್ಲ. ಅದನ್ನು ಬರೆದಿಡದೇ ಇದ್ದದ್ದು ನಮ್ಮ ತಪ್ಪು. ಮತ್ತೆ ಹಾಗಾಗಬಾರದು.

ಆದ್ದರಿಂದ ನಿಮ್ಮ ಕಚೇರಿಯಲ್ಲಿ ದಿನದ ಕೊನೆಯ ಕೆಲಸ ನೋಡಿಕೊಳ್ಳುವವರನ್ನು ಅರ್ಧ ಗಂಟೆ ಕೂರಿಸಿ. ತಿಂಗಳ ಕೊನೆಗೆ ಮಾತ್ರ ಓಡುವ ಜಾಬ್ ಯಾವುದು, ಯಾವ ರಿಪೋರ್ಟ್ ಬಂದ ಮೇಲೆ ಯಾವುದಕ್ಕೆ ಫೋನ್ ಮಾಡಿ ಹೇಳುತ್ತೀರಿ, ವರ್ಷಕ್ಕೊಮ್ಮೆ ಬರುವುದು ಯಾವುದು, ಬರೆಸಿ. ವರ್ಷಕ್ಕೊಮ್ಮೆ ಬರುವುದೇ ಜಾಸ್ತಿ ಮರೆಯುವುದು, ಅಲ್ವಾ?

ಬದಲಾವಣೆಯ ರಾತ್ರಿ ಎಲ್ಲವನ್ನೂ ಒಟ್ಟಿಗೆ ನಿಲ್ಲಿಸುವುದಿಲ್ಲ. ನಮ್ಮದು ಒಟ್ಟಿಗೆ ಜೋಡಿಸಿದ ಎರಡು ಸಿಸ್ಟಮ್. 2.5 ಮತ್ತು 3.1 ಪಕ್ಕಪಕ್ಕದಲ್ಲಿ ಇರಬಲ್ಲವು. ಹಾಗಾಗಿ ಜೆಇಎಸ್2ಕ್ಕೆ ಈ ತಿಂಗಳಲ್ಲೇ, ಇನ್ನೂ 2.5ರಲ್ಲಿರುವಾಗಲೇ, ಬಂದುಬಿಡುತ್ತೇವೆ. ಆಮೇಲೆ ಆವೃತ್ತಿ ಬದಲಾವಣೆ, ಒಂದಾದ ಮೇಲೆ ಒಂದು. ಏನಾದರೂ ಎಡವಿದರೆ ಹಿಂದಕ್ಕೆ ಹೋಗುವ ದಾರಿ ತೆರೆದೇ ಇರುತ್ತದೆ. ಜೆಇಎಸ್3ರಲ್ಲಿ ಗ್ಲೋಬಲ್ ಎಂಬ ಒಬ್ಬ ಯಜಮಾನ ಇದ್ದ, ಅವನು ಮಲಗಿದರೆ ಆ ಪಟ್ಟವನ್ನು ಇನ್ನೊಂದಕ್ಕೆ ದಾಟಿಸಬೇಕಿತ್ತು. ಜೆಇಎಸ್2ರಲ್ಲಿ ಎರಡೂ ಸಮಾನ. ಒಂದು ನಿಂತರೂ ಇನ್ನೊಂದು ಸಾಲನ್ನು ನಡೆಸುತ್ತದೆ. ನನಗೆ ಈ ಬದಲಾವಣೆಯಲ್ಲಿ ಅತಿ ಹಿಡಿಸಿದ್ದು ಇದೇ.

ನಮ್ಮ ಯಂತ್ರ ಐಬಿಎಂನ ಝಡ್15 ಮೇನ್‌ಫ್ರೇಮ್. ಅದರಲ್ಲಿರುವ ರಿಕವರಿ ಬೂಸ್ಟ್‌ನಿಂದ ಸಿಸ್ಟಮ್ ಮತ್ತೆ ಎದ್ದ ಮೇಲೆ 60 ನಿಮಿಷದವರೆಗೆ ಹೆಚ್ಚಿನ ಶಕ್ತಿ ಸಿಗುತ್ತದೆ. ಬಾಕಿ ಉಳಿದ ಜಾಬ್‌ಗಳು ಬೇಗ ಕರಗುತ್ತವೆ. ಇದೇ ಸಮಯಕ್ಕೆ ಖಾತೆದಾರರ ವಿವರ ಇರುವ ಫೈಲುಗಳಿಗೆ ಎನ್‌ಕ್ರಿಪ್ಶನ್ ಕೂಡ ಹಾಕುತ್ತೇವೆ. ಪ್ರೋಗ್ರಾಮ್ ಬದಲಿಸದೆ ಅದು ಆಗುತ್ತದೆ. ಡಿಸ್ಕ್ ನಿರ್ವಹಿಸುವ ನಮ್ಮ ಸಿಬ್ಬಂದಿ ಫೈಲನ್ನು ಸ್ಥಳಾಂತರಿಸಬಹುದು, ಕೀಲಿಯ ಅನುಮತಿ ಇಲ್ಲದೆ ಓದಲಾರರು. ಈ ಎರಡಕ್ಕೂ ನಿಮ್ಮಿಂದ ಹೆಚ್ಚಿನ ಶುಲ್ಕ ತೆಗೆದುಕೊಳ್ಳುವುದಿಲ್ಲ.

ಒಂದು ಸಣ್ಣ ವಿಷಯ. ಲಾಗ್ ನೋಡುವವರಿಗೆ ಐಎಟಿ ಎಂದು ಶುರುವಾಗುತ್ತಿದ್ದ ಜೆಇಎಸ್3 ಸಂದೇಶಗಳ ಜಾಗದಲ್ಲಿ ಹ್ಯಾಸ್ಪ್ ಎಂಬ ಪದ ಕಾಣಿಸುತ್ತದೆ. ಗಾಬರಿ ಬೇಡ. ಅದು ಜೆಇಎಸ್2ರ ಮೂಲ ಹೆಸರು. ಹ್ಯೂಸ್ಟನ್‌ನಲ್ಲಿ ನಾಸಾ ಕೆಲಸಕ್ಕಾಗಿ ಹುಟ್ಟಿದ ಹೆಸರು ಇನ್ನೂ ಉಳಿದಿದೆ.

ನಿಮ್ಮ ಸರದಿ ಪಟ್ಟಿ ದೀಪಾವಳಿ ಮುಗಿದ ವಾರದಲ್ಲೇ, ಅಕ್ಟೋಬರ್ 24ರ ಒಳಗೆ ನಮಗೆ ಸಿಗಲಿ. ಕೈಬರಹದಲ್ಲಿದ್ದರೂ ಪರವಾಗಿಲ್ಲ, ಫೋಟೋ ತೆಗೆದು ಕಳಿಸಿ. ಅದನ್ನು ಜಾಬ್‌ಗ್ರೂಪ್ ಆಗಿ ಬರೆದು, ಓದಿ ನೋಡಲು ನಿಮಗೇ ವಾಪಸ್ ಕಳಿಸುತ್ತೇವೆ. ನೀವು ಸರಿ ಎಂದ ಮೇಲೆಯೇ ಅದು ಸಾಲಿಗೆ ಬರುತ್ತದೆ.

ಇಂತಿ ನಿಮ್ಮ,
ಮೇನ್‌ಫ್ರೇಮ್ ಸೇವಾ ತಂಡ
ಹೆಬ್ಬಾಳ ಕೈಗಾರಿಕಾ ಪ್ರದೇಶ, ಮೈಸೂರು