ಪ್ಲೇಸ್‌ಮೆಂಟ್ ಸೆಲ್ ವಹಿಸಿಕೊಂಡ ಮಗಳಿಗೆ

ಚಿ. ಪುಟ್ಟಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ನಾವಿಲ್ಲಿ ಕ್ಷೇಮ. ತುಮಕೂರು ವಿಶ್ವವಿದ್ಯಾನಿಲಯದ ಪ್ಲೇಸ್‌ಮೆಂಟ್ ಸೆಲ್ ಕೆಲಸ ನಿನ್ನ ಪಾಲಿಗೆ ಬಂದಿರುವುದನ್ನು ನಿನ್ನಪ್ಪ ಫೋನಿನಲ್ಲಿ ತಿಳಿಸಿದ. ಹಳೆಯ ವಿದ್ಯಾರ್ಥಿಗಳನ್ನೂ ಕಂಪನಿಯವರನ್ನೂ ಕರೆಸಿ ನೀನು ನಡೆಸಲಿರುವ ಸಂವಾದದ ಅತಿಥಿಗಳ ಪಟ್ಟಿಯನ್ನು ನಿನ್ನೆ ಎರಡು ಸಲ ಓದಿದೆ. ಅದರಲ್ಲಿರುವ ಐವರೂ ದೊಡ್ಡ ಹುದ್ದೆಯವರು, ಓದು ಮುಗಿಸಿ ಇಪ್ಪತ್ತು ವರ್ಷ ದಾಟಿದವರು. ಮೊದಲ ಕೆಲಸಕ್ಕೆ ಅಲೆದ ದಿನಗಳು ಅವರಿಗೆ ಈಗ ಕಥೆಯಾಗಿರುತ್ತವೆ. ನಿನ್ನ ವಿದ್ಯಾರ್ಥಿಗಳಿಗೆ ಬೇಕಾದದ್ದು ಆ ಅಲೆದಾಟವನ್ನು ಇನ್ನೂ ಮರೆಯದವರು.

ನಾನು ಸೇವೆಯಲ್ಲಿದ್ದ ಕಾಲೇಜಿನಲ್ಲಿ ಮೊದಲ ಬಾರಿ ಇಂಥದೊಂದನ್ನು ಏರ್ಪಡಿಸಿ ನಾನೇ ಕೆಡಿಸಿದ್ದೆ. ಪ್ರಾರ್ಥನೆ, ಸ್ವಾಗತ, ಶಾಲು, ಹಾರ, ಮೈಸೂರು ಪೇಟ ಇಷ್ಟಕ್ಕೇ ಮುಕ್ಕಾಲು ಗಂಟೆ ಹಿಡಿಯಿತು. ಆಮೇಲೆ ಒಬ್ಬ ಅತಿಥಿ ತಮ್ಮ ಕಂಪನಿಯ ಚರಿತ್ರೆಯನ್ನು ಚಿತ್ರಸಹಿತ ಬಿತ್ತರಿಸಿದರು. ಪ್ರಶ್ನೆ ಕೇಳಿರಿ ಎಂದಾಗ ಎದ್ದು ನಿಂತ ಒಬ್ಬ ಹುಡುಗ ಇಂಗ್ಲಿಷಿನಲ್ಲಿ ಅರ್ಧ ವಾಕ್ಯ ಹೇಳಿ, ಮುಂದೆ ತೋಚದೆ, ‘ಏನಿಲ್ಲ ಸರ್’ ಎಂದು ಕುಳಿತುಬಿಟ್ಟ. ಮಧುಗಿರಿ, ಕೊರಟಗೆರೆ ಕಡೆಯ ಮಕ್ಕಳು ಬಸ್ಸು ತಪ್ಪುತ್ತದೆಂದು ಅಷ್ಟರಲ್ಲೇ ಹಿಂಬಾಗಿಲಿನಿಂದ ಜಾರಿಕೊಂಡಿದ್ದರು.

ಮರುವರ್ಷ ವಾರ ಮೊದಲೇ ಗ್ರಂಥಾಲಯದ ಮೇಜಿನ ಮೇಲೊಂದು ಬಿಸ್ಕತ್ತಿನ ಡಬ್ಬಿ ಇಟ್ಟು, ಹೆಸರು ಬರೆಯದೆ ಕನ್ನಡದಲ್ಲೇ ಪ್ರಶ್ನೆ ಹಾಕಿರಿ ಎಂದೆ. ನಾಯಕತ್ವದ ಗುಣಗಳ ಬಗ್ಗೆ ಒಂದೂ ಚೀಟಿ ಇರಲಿಲ್ಲ. ಸಂದರ್ಶನಕ್ಕೆ ಮೊದಲೇ ದುಡ್ಡು ಕಟ್ಟು ಎಂದರೆ ಕಟ್ಟಬೇಕೇ, ಮೂಲ ಅಂಕಪಟ್ಟಿ ಇಟ್ಟುಕೊಳ್ಳುತ್ತೇವೆ ಎಂದರೆ ಕೊಡಬೇಕೇ, ರಾತ್ರಿ ಪಾಳಿಗೆ ಹೆಣ್ಣುಮಕ್ಕಳನ್ನು ಮನೆಯವರೆಗೂ ಬಿಡುತ್ತಾರೆಯೇ, ಹನ್ನೆರಡು ಸಾವಿರ ಸಂಬಳದಲ್ಲಿ ಪೀಣ್ಯದಲ್ಲಿ ಬಾಡಿಗೆ ಕೊಟ್ಟು ಬದುಕಬಹುದೇ ಎಂಬಂಥವೇ ಎಲ್ಲ. ಪೆನ್ಸಿಲಿನಲ್ಲಿ ಬರೆದು ಅಳಿಸಿ ಮತ್ತೆ ಬರೆದಿದ್ದ ಒಂದು ಚೀಟಿಯಲ್ಲಿ ‘ಅಮ್ಮನನ್ನು ಹೇಗೆ ಒಪ್ಪಿಸುವುದು?’ ಎಂದಿತ್ತು. ಅದಕ್ಕೆ ಉತ್ತರಿಸಿದವಳು ಮೂರು ವರ್ಷದ ಹಿಂದೆ ಬಿ.ಕಾಂ. ಮುಗಿಸಿ ದಿನವೂ ರೈಲಿನಲ್ಲಿ ಬೆಂಗಳೂರಿಗೆ ಓಡಾಡುತ್ತಿದ್ದ ಹುಡುಗಿ; ಸಭೆ ಮುಗಿದ ಮೇಲೂ ಅವಳ ಸುತ್ತ ನೆರೆದಿದ್ದವರು ಕದಲಲಿಲ್ಲ. ಆದ್ದರಿಂದ ಐವರಲ್ಲಿ ಮೂವರಾದರೂ ಈಚಿನ ಐದು ವರ್ಷದೊಳಗೆ ಓದು ಮುಗಿಸಿದವರಿರಲಿ. ಅವರಲ್ಲಿ ಒಬ್ಬರು ಮೊದಲ ಕೆಲಸ ಬಿಟ್ಟವರೋ ಕಳೆದುಕೊಂಡವರೋ ಆಗಿದ್ದರೆ ಇನ್ನೂ ಒಳ್ಳೆಯದು.

ಹಿರಿಯರನ್ನು ಕೈಬಿಡು ಎನ್ನುತ್ತಿಲ್ಲ, ಅವರು ಉದ್ಯೋಗ ಕೊಡುವವರ ಸಾಲಿನಲ್ಲಿ ಕೂರಲಿ. ನಿಮ್ಮ ವಿಶ್ವವಿದ್ಯಾನಿಲಯ ಶುರುವಾದದ್ದು 2004ರಲ್ಲಿ. ಅದಕ್ಕೆ ಮೊದಲು ಇದೇ ಊರಿನಲ್ಲಿ ಓದಿದವರ ಪದವಿಪತ್ರದಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯವೆಂದಿರುವುದರಿಂದ ನಿಮ್ಮ ಹಳೆಯ ವಿದ್ಯಾರ್ಥಿಗಳ ಪಟ್ಟಿಗೆ ಅವರು ಸಿಕ್ಕಿರುವುದಿಲ್ಲ. ಹಳೆಯ ಅಧ್ಯಾಪಕರನ್ನು ಕೇಳಿದರೆ ಬ್ಯಾಂಕು, ಸಹಕಾರ ಸಂಘ, ತಿಪಟೂರಿನ ಕೊಬ್ಬರಿ ವ್ಯಾಪಾರದಲ್ಲಿರುವವರ ಹೆಸರುಗಳು ಸಿಗುತ್ತವೆ.

ಕಂಪನಿಗಳಿಗೆ ಪತ್ರ ಬರೆಯುವಾಗ ‘ಗಣ್ಯರನ್ನು ಕಳಿಸಿ’ ಎನ್ನಬೇಡ, ‘ಸಂದರ್ಶನ ಮಾಡುವವರನ್ನೇ ಕಳಿಸಿ’ ಎನ್ನು. ವಸಂತನರಸಾಪುರ ಕೈಗಾರಿಕಾ ಪ್ರದೇಶದವರಾಗಲಿ, 2023ರಲ್ಲಿ ಗುಬ್ಬಿ ತಾಲ್ಲೂಕಿನಲ್ಲಿ ಉದ್ಘಾಟನೆಯಾದ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆಯವರಾಗಲಿ ಬಂದರೆ, ಉಗ್ರಾಣ, ಲೆಕ್ಕಪತ್ರ, ಸಾಗಣೆಗೆ ಯಾರನ್ನು ತೆಗೆದುಕೊಳ್ಳುತ್ತೀರಿ, ಕೆಲಸ ಕಂಪನಿಯ ರೋಲ್‌ನಲ್ಲೋ ಕಂಟ್ರಾಕ್ಟರ್ ಕೆಳಗೋ, ಪಿ.ಎಫ್. ಕಟ್ಟುವವರು ಯಾರು, ಕಳೆದ ಸಲ ಬೇಡವೆಂದವರನ್ನು ಏಕೆ ಬೇಡವೆಂದಿರಿ ಎಂದು ನೀನೇ ಕೇಳು. ಮಕ್ಕಳು ಸಂಕೋಚದಿಂದ ಕೇಳುವುದಿಲ್ಲ. 1961ರ ಅಪ್ರೆಂಟಿಸ್ ಕಾಯ್ದೆಗೆ 2014ರಲ್ಲಿ ಆದ ತಿದ್ದುಪಡಿಯಿಂದ ಬಿ.ಎ., ಬಿ.ಕಾಂ. ಆದವರಿಗೂ ಭತ್ಯೆಯೊಂದಿಗೆ ತರಬೇತಿ ಪಡೆಯುವ ದಾರಿ ತೆರೆದಿದೆ. ಅಂಥವರನ್ನು ತೆಗೆದುಕೊಳ್ಳುತ್ತೀರಾ ಎಂಬುದೂ ನಿನ್ನ ಪ್ರಶ್ನೆಗಳಲ್ಲಿರಲಿ. ಉತ್ತರ ನುಣುಚಿಕೊಂಡರೆ ಮರ್ಯಾದೆಯಿಂದಲೇ ಇನ್ನೊಮ್ಮೆ ಕೇಳು.

ಸಮಯದ ಮಾತು. ಹನ್ನೊಂದಕ್ಕೆ ಶುರುವಾಗಿ ಒಂದೂವರೆಗೆ ಮುಗಿಯಲಿ. ಸನ್ಮಾನ ಕೊನೆಗೆ ಹತ್ತು ನಿಮಿಷ ಸಾಕು. ಕುಲಪತಿಗಳ ಕಚೇರಿಯವರಿಗೆ ಇದನ್ನು ಮೊದಲೇ ಹೇಳಿ ಒಪ್ಪಿಸಿಕೋ, ಆ ದಿನ ವೇದಿಕೆಯ ಮೇಲೆ ವಾದಿಸಲು ಆಗುವುದಿಲ್ಲ. ಬಂದ ಅತಿಥಿಗಳಿಗೆ ಮೂರು ದಿನದೊಳಗೆ ಫೋನ್ ಮಾಡಿ, ಯಾವ ಹುಡುಗರ ಅರ್ಜಿ ಕಳಿಸಲಿ ಎಂದು ವಿಚಾರಿಸು. ನಾನು ಇದನ್ನು ಎರಡು ವಾರ ತಳ್ಳಿದ್ದಕ್ಕೆ ಒಂದು ಕಂಪನಿ ಅಷ್ಟರಲ್ಲಿ ಬೇರೆ ಕಾಲೇಜಿನಿಂದ ಜನರನ್ನು ತುಂಬಿಕೊಂಡಿತ್ತು.

ತಿದ್ದಿದ ಪಟ್ಟಿಯನ್ನು ಭಾನುವಾರದೊಳಗೆ ಕಳಿಸು. ಡಬ್ಬಿಯಲ್ಲಿ ಬಿದ್ದ ಚೀಟಿಗಳನ್ನು ಎಸೆಯದೆ ಇಟ್ಟಿರು. ನಿಮ್ಮ ದೊಡ್ಡಮ್ಮನ ಜತೆ ಬಂದಾಗ ಓದುತ್ತೇನೆ.

ಇತಿ,
ನಿನ್ನ ದೊಡ್ಡಪ್ಪ